ಚಪಳಗಾಂವದಲ್ಲಿ ತುಂಬಿದ ಉಡಿ

ಚರ್ರ್ ಎಂದು ಬಟ್ಟೆ ಹರಿದಂಥ ಸದ್ದು. ಬಿ.ಪಿ. ನೋಡುವ ಪಟ್ಟಿಯನ್ನು ಒಬ್ಬರ ತೋಳಿನಿಂದ ಬಿಡಿಸುವಾಗ ಅದರ ವೆಲ್ಕ್ರೋ ಮಾಡುವ ಸದ್ದು ಅದು. ಚಪಳಗಾಂವದ ಶಾಲೆಯ ಪಡಸಾಲೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಅದೇ ಕೇಳುತ್ತಿತ್ತು. ಸದ್ದಾದಾಗಲೆಲ್ಲ ಸಾಲಿನಲ್ಲಿ ಕೂತಿದ್ದ ಮುದುಕಿಯೊಬ್ಬಳು ಬೆಚ್ಚಿ ತನ್ನ ಕುಬಸದ ತೋಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಹರೀತೇನ ಬಾಯಿ?" ಎಂದು ನನ್ನನ್ನು ಕೇಳಿದಳು.

"ಇಲ್ಲ ಆಯಿ, ಅದು ಪಟ್ಟೀದು ಸಪ್ಪಳ."

"ನನಗೇನ ಗೊತ್ತು. ಚಲೋದು ಅಂತ ಇದೊಂದ ಕುಬಸ ಹಾಕ್ಕೊಂಡು ಬಂದೀನಿ."

ಪಟ್ಟಿ ಸುತ್ತುತ್ತಿದ್ದವಳು ಅಮೆರಿಕದ ರಿಟೈರ್ಡ್ ನರ್ಸ್, ಹೆಚ್ಚು ಕಡಿಮೆ ನನ್ನ ವಯಸ್ಸಿನವಳು. ಅವಳ ಊರಿನ ಚರ್ಚಿನಿಂದ ಐದಾರು ಜನ ಹತ್ತು ದಿನದ ಮಟ್ಟಿಗೆ ಸೊಲ್ಲಾಪುರಕ್ಕೆ ಬಂದಿದ್ದರು. ಅದಕ್ಕೆ ಅವರು 'ಶಾರ್ಟ್ ಟರ್ಮ್ ಮಿಷನ್' ಎನ್ನುತ್ತಿದ್ದರು. ನನಗೆ ಆ ಮಾತೇ ವಿಚಿತ್ರ ಅನ್ನಿಸಿತ್ತು. ನಾನು ಕಲಿತ ಕಾನ್ವೆಂಟ್ ಶಾಲೆಯ ಸಿಸ್ಟರ್‌ಗಳು ಹರೆಯದಲ್ಲಿ ಹಡಗು ಹತ್ತಿ ಬಂದವರು, ಇಲ್ಲಿಯ ಬಿಸಿಲಿನಲ್ಲೇ ಮುದುಕಿಯರಾಗಿ ಇಲ್ಲಿಯ ಮಣ್ಣಿಗೇ ಸೇರಿದರು. ರಿಟರ್ನ್ ಟಿಕೆಟ್ ಕೈಯಲ್ಲಿ ಹಿಡಿದುಕೊಂಡು ಬರುವ ಮಿಷನ್ ನೋಡಿದ್ದು ನಾನು ಅದೇ ಮೊದಲು.

ನಾನು ಕ್ರಿಶ್ಚಿಯನ್ ಅಲ್ಲ. ಶಾಲೆಯಲ್ಲಿ ಇಂಗ್ಲಿಷು, ಗಲ್ಲಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಎಂದು ಬೆಳೆದವಳು. ವಿಮಾ ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡಿದ್ದವರೊಬ್ಬರು ಈಗ ಸೊಲ್ಲಾಪುರದ ಚರ್ಚೊಂದರ ಸೆಕ್ರೆಟರಿ. ಗೊತ್ತುಮಾಡಿದ್ದ ಇಂಟರ್‌ಪ್ರಿಟರ್‌ಗೆ ಜ್ವರ ಬಂತೆಂದು ನನಗೆ ಫೋನು ಮಾಡಿದರು. "ಪ್ರಾರ್ಥನಿ ಅನುವಾದ ಮಾಡ್ರಿ ಅನ್ನೂದಿಲ್ಲ ಮ್ಯಾಡಮ್, ಬರೇ ಬಿ.ಪಿ., ಶುಗರ್. ನಿಮ್ಮ ಯಜಮಾನ್ರ ಊರಿಗೇ ಹೊಂಟಾರ, ನೀವೇ ಬರ್ರಿ," ಎಂದರು. ಚಪಳಗಾಂವ ನನ್ನ ಗಂಡನ ಊರು. ಬರುತ್ತೇನೆ ಎಂದೆ.

ಬೆಳಿಗ್ಗೆ ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಮನೆಯ ಮುಂದೆ ಗಾಡಿ ನಿಂತಿತು. ನರ್ಸಿನ ಪಕ್ಕದ ಸೀಟು ಖಾಲಿ ಇತ್ತು. ಅಕ್ಕಲಕೋಟ ರಸ್ತೆಗೆ ಬೀಳುವಷ್ಟರಲ್ಲಿ ಅವಳು ನನಗೆ ಬಿಸ್ಕೀಟು ಕೊಟ್ಟು ತನ್ನ ಕಥೆಯನ್ನೂ ಹೇಳಿ ಮುಗಿಸಿದ್ದಳು. ಗಂಡ ಹೆಂಡತಿ ಸೇರಿಯೇ ಇಂಡಿಯಾಕ್ಕೆ ಬರಬೇಕೆಂದು ಅರ್ಜಿ ಹಾಕಿದ್ದರು. ಹೋದ ವರ್ಷ ಅವನು ತೀರಿಕೊಂಡ. "ನಾನಾದರೂ ಹೋಗಬೇಕಲ್ಲ ಅಂತ ಬಂದೆ," ಎಂದಳು. ಹೂವಿನ ಕೆಂಪು ಕುರ್ತಾ ಹಾಕಿದ್ದಳು. ಕೈತುಂಬ ಗಿಳಿಹಸಿರು ಬಳೆ, ಹಿಂದಿನ ದಿನ ಸೊಲ್ಲಾಪುರದ ಪೇಟೆಯಲ್ಲಿ ತೊಡಿಸಿಕೊಂಡದ್ದು. ನಾನು ನನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ನನ್ನ ಗಂಡ ಹೋಗಿ ಆಗ ಎಂಟು ವರ್ಷವಾಗಿತ್ತು.

ಮಧ್ಯಾಹ್ನದ ಊಟ ನಮ್ಮ ನೆಗೆಣ್ಣಿಯ ಮನೆಯಲ್ಲಿ. ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ, ಅವಳು ನನ್ನನ್ನು ಸಣ್ಣಾಕಿ ಎನ್ನುತ್ತಾಳೆ. ಹೊಲ, ಎಮ್ಮೆ, ಆಳುಕಾಳು ಎಲ್ಲವನ್ನೂ ನಡೆಸುವ ಗಟ್ಟಿ ಹೆಣ್ಣುಮಗಳು. ಭಾವ ಮಾತ್ರ ಲಕ್ವ ಹೊಡೆದು ಪಡಸಾಲೆಯ ಮಂಚ ಹಿಡಿದಿದ್ದರು. ನರ್ಸು ಊಟಕ್ಕೆ ಕೂರುವ ಮೊದಲು ಅವರ ತೋಳಿಗೂ ಪಟ್ಟಿ ಸುತ್ತಿದಳು.

"ಏನಂತಾಳ ಡಾಕ್ಟರೀಣಿ?" ಎಂದರು ಭಾವ.

"ಬಿ.ಪಿ. ಭಾಳ ಅದಂತರಿ. ಉಪ್ಪು ಕಡಿಮಿ ಮಾಡ್ಬೇಕಂತ."

"ಉಪ್ಪು ಬಿಟ್ರ ತಾಟಿನ್ಯಾಗ ಏನ ಉಳೀತು? ಅವರ ಊರಾಗ ಸಪ್ಪನ್ನ ಉಣ್ತಾರೇನ ಕೇಳ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಶೇಂಗಾ ಹೋಳಿಗೆಯ ಬುಟ್ಟಿ ಹಿಡಿದುಕೊಂಡೇ ನಿಂತಿದ್ದಳು. "ಎಷ್ಟು ಭಾಳ ಅಂತ? ಸರಿಯಾಗಿ ಕೇಳ," ಎಂದಳು. ನಾನು ಹೇಳಿದೆ. ಅವಳು ಒಂದು ಕ್ಷಣ ಮಂಚದ ಕಡೆ ನೋಡಿ, ಆಮೇಲೆ ಬಡಿಸಲು ಬಾಗಿದಳು.

ಊಟವಾದ ಮೇಲೆ ತಾಟು ಬಂತು. ಮನೆಯಿಂದ ಹೊರಡುವ ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಉಡಿ ತುಂಬುತ್ತೇವೆ. ಹಣೆಗೆ ಕುಂಕುಮ ಹಚ್ಚಿ, ಚಾಚಿದ ಸೆರಗಿಗೆ ಗೋದಿ, ತೆಂಗಿನಕಾಯಿ, ಕುಬಸದ ಖಣ, ಅರಿಷಿಣ ಬೇರು, ಉತ್ತತ್ತಿ ಹಾಕುವುದು. ತವರಿನಿಂದ ಬರಿಗೈಲಿ ಕಳಿಸಲಿಲ್ಲ, ತುಂಬಿದ ಮಡಿಲಿನಿಂದ ಬಾಳು ಎಂದು ಅದರ ಅರ್ಥ. ಗಂಡ ಸತ್ತವಳಿಗೆ ಮಾತ್ರ ತುಂಬುವುದಿಲ್ಲ. ಆ ತಾಟು ಹೊರಗೆ ಬಂದಾಗ ಎಲ್ಲಿ ನಿಲ್ಲಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಕಾಲಿಗೆ ತಾನಾಗಿಯೇ ಗೊತ್ತಾಗುತ್ತದೆ. ನಾನು ಅಡುಗೆಮನೆಯ ಬಾಗಿಲಿಗೆ ಸರಿದೆ.

ತಂಡದಲ್ಲಿ ಹೆಂಗಸರೆಂದರೆ ಇಬ್ಬರೇ. ಮೊದಲು ಕಾಲೇಜು ಹುಡುಗಿಯೊಬ್ಬಳ ಉಡಿ ತುಂಬಿತು. ನರ್ಸು ಕೂತು ದುಪಟ್ಟಾ ಚಾಚಿದಳು. ಅಕ್ಕ ಕುಂಕುಮದ ಬಟ್ಟಲಿಗೆ ಬೆರಳು ಹಾಕುತ್ತ, "ಇವರ ಮನಿಯವರು ಯಾಕ ಬಂದಿಲ್ಲ ಕೇಳ ಸಣ್ಣಾಕಿ. ಇಷ್ಟು ದೂರ ಒಬ್ಬಾಕಿನ್ನ ಕಳಸ್ಯಾರಲ್ಲ," ಎಂದಳು.

ಕೇಳಿದೆ. ನರ್ಸು ನಗುತ್ತಲೇ ಹೇಳಿದಳು. "ಅವರು ತೀರಿಕೊಂಡರು ಅಂತ ಹೇಳಿ. ಈ ಊಟ ಅವರಿಗೆ ತುಂಬ ಸೇರುತ್ತಿತ್ತು ಅಂತಲೂ ಹೇಳಿ."

ಅವರಿಗೆ ರಜೆ ಸಿಗಲಿಲ್ಲ ಎಂದು ನಾನು ಅಕ್ಕನಿಗೆ ಹೇಳಿಬಿಡಬಹುದಿತ್ತು. ನಿಜ ಹೇಳಿದರೆ ತಾಟು ಒಳಗೆ ಹೋಗುತ್ತದೆ. ದುಪಟ್ಟಾ ಚಾಚಿ ಕೂತ ಈ ಹೆಂಗಸಿಗೆ ಅದನ್ನು ಯಾವ ಇಂಗ್ಲಿಷಿನಲ್ಲಿ ವಿವರಿಸಲಿ? ಸುಳ್ಳು ಹೇಳಿದರೆ, ಮಂಚದ ಮೇಲೆ ಗಂಡ ಮಲಗಿರುವಾಗ ಅಕ್ಕನ ಕೈಯಿಂದ ಅವಳು ಒಪ್ಪದ ಕೆಲಸ ಮಾಡಿಸಿದ ಹಾಗಾಗುತ್ತದೆ. ಸಿಸ್ಟರ್‌ಗಳು ಕಲಿಸಿದ ಡಿಸಿಪ್ಲಿನ್ ಇರಬೇಕು, ಹೇಳಿದ್ದನ್ನು ಹೇಳಿದ ಹಾಗೇ ದಾಟಿಸಿದೆ. "ತೀರಿಕೊಂಡಾರಂತ ಅಕ್ಕಾ. ಹ್ವಾದ ವರ್ಷ."

ಅಕ್ಕನ ಬೆರಳು ಬಟ್ಟಲಿನಲ್ಲೇ ನಿಂತಿತು. ನಾನು ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಜೋಡಿಸತೊಡಗಿದೆ. ಇದು ನಮ್ಮಲ್ಲಿ ಒಂದು ಕಸ್ಟಮ್, ತಪ್ಪು ತಿಳಿಯಬೇಡಿ.

"ಅಯ್ಯ, ಪಾಪ," ಎಂದಳು ಅಕ್ಕ. ಆಮೇಲೆ, "ಆಗಲಿ, ಅವರಿಗಿ ನಡೀತದ," ಎಂದು ಅವಳ ಹಣೆಗೆ ದೊಡ್ಡದಾಗಿ ಕುಂಕುಮ ಹಚ್ಚಿದಳು. ಬೊಗಸೆ ತುಂಬ ಗೋದಿ ಹಾಕಿದಳು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಎಂಟು ವರ್ಷ ನಾನು ಈ ಕಟ್ಟಳೆಯನ್ನು ಗೋಡೆ ಎಂದುಕೊಂಡಿದ್ದೆ. ಯಾರೂ ಕಟ್ಟಿದ್ದಲ್ಲ, ಯಾರೂ ಕೆಡವಲಾರರು, ಆದ್ದರಿಂದ ಯಾರ ಮೇಲೂ ಸಿಟ್ಟಾಗಬೇಕಿಲ್ಲ ಎಂದು ಸಮಾಧಾನದಿಂದ ಬದುಕಿದ್ದೆ. ಈಗ ಅದು ಪರದೆಯ ಹಾಗೆ ಒಂದು ಕೈಯಿಂದ ಸರಿಯಿತು, ಮತ್ತೆ ಮುಚ್ಚಿಕೊಂಡಿತು. ಸರಿಸಲು ಬರುತ್ತಿತ್ತು ಎಂದರೆ, ಪ್ರತಿ ಮದುವೆಯಲ್ಲಿ, ಪ್ರತಿ ತೊಟ್ಟಿಲ ಶಾಸ್ತ್ರದಲ್ಲಿ, ಯಾರೋ ಸರಿಸದೆ ಬಿಟ್ಟಿದ್ದರು ಎಂದಾಯಿತು.

ಗಾಡಿಯಲ್ಲಿ ತಂಡದ ಲೀಡರ್, ಮೂವತ್ತರ ಹುಡುಗ, ಒಳ್ಳೆಯವನೇ, ನರ್ಸಿಗೆ ಹಸಿ ಟಿಶ್ಯೂ ಕೊಟ್ಟು ಹಣೆ ತೋರಿಸಿದ. ಅವಳು ಒರೆಸಿಕೊಂಡಳು. ಮಡಿಲಲ್ಲಿದ್ದದ್ದು ಪೂಜೆಯ ವಸ್ತುವೇ ಎಂದು ಸಂಕೋಚದಿಂದ ಕೇಳಿದ.

"ಇದು ಗೋದಿ," ಎಂದಳು ನರ್ಸು, ದುಪಟ್ಟಾದ ಗಂಟು ಬಿಚ್ಚದೆ. ಆಮೇಲೆ ನನ್ನ ಕಡೆ ತಿರುಗಿ, "ನಿಮಗೇಕೆ ಕೊಡಲಿಲ್ಲ?" ಎಂದಳು.

"ನನ್ನ ಗಂಡ ತೀರಿಕೊಂಡಿದ್ದಾರೆ, ಅದಕ್ಕೆ."

"ನನ್ನವರೂ ತೀರಿಕೊಂಡಿದ್ದಾರಲ್ಲ. ನೀವು ಅವರಿಗೆ ಹೇಳಲಿಲ್ಲವೇ?"

"ಹೇಳಿದೆ. ನೀವು ಹೊರಗಿನವರು, ನಿಮಗೆ ಪರವಾಗಿಲ್ಲ ಎಂದರು."

ಅವಳು ಕಿಟಕಿಯಾಚೆಯ ತೊಗರಿ ಹೊಲದ ಕಡೆ ತಿರುಗಿದಳು. ಅವಳ ಕಿವಿಗಳು ಕೆಂಪಾಗಿದ್ದವು. "ಹಾಗಾದರೆ ನನಗೆ ಕೊಟ್ಟದ್ದು ಕೊಟ್ಟ ಹಾಗಲ್ಲ," ಎಂದಳು. "ಗೊಂಬೆಗೆ ಹಾರ ಹಾಕಿದ ಹಾಗೆ." ನಾನು ಇಲ್ಲ ಎನ್ನಬೇಕಿತ್ತು, ಗುಡ್ ಮ್ಯಾನರ್ಸ್ ಅದೇ. ಅವಳೇ ಮುಂದುವರಿಸಿದಳು. ಅವರ ಚರ್ಚಿನಲ್ಲಿ ದಂಪತಿಗಳದ್ದೊಂದು ಸಪ್ಪರ್, ರಾತ್ರಿಯೂಟ, ನಡೆಯುತ್ತದೆ. ಬರಬೇಡ ಎಂದು ಅವಳಿಗೆ ಯಾರೂ ಹೇಳಿಲ್ಲ. ಗಂಡ ಹೋದ ಮೇಲೆ ಬಾ ಎನ್ನುವುದನ್ನಷ್ಟೇ ನಿಲ್ಲಿಸಿದರು. "ಇಷ್ಟು ದೂರ ಬಂದರೆ ಅದು ಹಿಂದೆ ಉಳಿಯುತ್ತದೆ ಎಂದುಕೊಂಡಿದ್ದೆ," ಎಂದಳು.

ಅವರು ಹತ್ತು ದಿನ ಮುಗಿಸಿ ಹೋದರು. ಎಷ್ಟೋ ಜನರ ಬಿ.ಪಿ. ಗೊತ್ತಾಯಿತು, ಮಕ್ಕಳು ಕೈ ತಿರುಗಿಸುತ್ತ ಹಾಡುವ ಹಾಡು ಕಲಿತರು. ಒಳ್ಳೆಯದೇ ಆಯಿತು, ಇಲ್ಲ ಎನ್ನಲಾರೆ. ನನ್ನೊಳಗೆ ಆದದ್ದನ್ನು ಮಾತ್ರ ಅವರಲ್ಲಿ ಯಾರೂ ಮಾಡಬೇಕೆಂದು ಬಂದಿರಲಿಲ್ಲ.

ಆ ಚಳಿಗಾಲ ಕಳೆಯುವ ಹೊತ್ತಿಗೆ ನಾನೊಬ್ಬಳೇ ಬಸ್ಸು ಹತ್ತಿ ಚಪಳಗಾಂವಕ್ಕೆ ಹೋದೆ. ಅಕ್ಕನನ್ನು ನೋಡಿದ್ದು ಅದೇ ಕೊನೆ. ಮುಂದೆ ಭಾವನಿಗಿಂತ ಮೊದಲು ಅವಳೇ ಹೋದಳು. ಭಾವ ಇನ್ನೂ ಮಂಚದ ಮೇಲಿದ್ದಾರೆ. ಅವಳು ತೀರಿಕೊಂಡಾಗ ನನ್ನ ಕಾಲು ಪ್ಲಾಸ್ಟರಿನಲ್ಲಿತ್ತು, ಮಣ್ಣಿಗೆ ಹೋಗಲಾಗಲಿಲ್ಲ.

ನಾನು ಹೋದ ಆ ದಿನ ಅವಳು ಅಂಗಳದಲ್ಲಿ ಶೇಂಗಾ ಒಡೆಯುತ್ತ ಕೂತಿದ್ದಳು. ನಾನೂ ಕೂತು ಒಡೆಯುತ್ತ ಕೇಳಿದೆ. "ಅಕ್ಕಾ, ಆಕಿಗಿ ನಡದದ್ದು ನನಗ್ಯಾಕ ನಡಿಯೂದಿಲ್ಲ?"

ಯಾರಿಗೆ, ಏನು ಎಂದು ಅವಳು ಕೇಳಲಿಲ್ಲ. "ಆಕಿ ಬಂದ್ಲು, ಹ್ವಾದ್ಲು. ನಮಗೇನ ಸಂಬಂಧ? ನೀ ಈ ಮನಿ ಸೊಸಿ. ನಿಂದು ನಮಗ ಹತ್ತತದ."

"ಏನ ಹತ್ತತದ?"

ಅವಳು ಒಳಗಿನ ಮಂಚದ ಕಡೆ ಗದ್ದ ಎತ್ತಿ ತೋರಿಸಿದಳು. "ಕಾನ್ವೆಂಟ್ ಕಲ್ತಾಕಿ ನೀ. ನಿನಗ ತಿಳಿಯೂದಿಲ್ಲ, ಬಿಡು."

"ಕಲ್ತದ್ದಕ್ಕೇ ಕೇಳಾಕತ್ತೀನಿ."

"ನನಗೂ ಕೆಟ್ಟ ಅನಸ್ತದ ಸಣ್ಣಾಕಿ," ಎಂದಳು ಮೆಲ್ಲಗೆ. "ತಾಟು ಹಿಡದು ನಿನ್ನ ಮುಂದ ದಾಟಿ ಹೋಗೂ ಮುಂದ. ಆದ್ರ ಅಂಜಿಕಿ ಬರ್ತದ."

ಹೊರಡುವಾಗ ಅವಳು ಕೈಚೀಲಕ್ಕೆ ಗೋದಿ, ಶೇಂಗಾ ತುಂಬಿ ತಂದಳು. ನನಗೆ ಅವಳು ಕೊಡುತ್ತಿದ್ದದ್ದು ಹಾಗೇ, ಚೀಲದಲ್ಲಿ. ಅದೇ ಕಾಳು, ಅದೇ ಕೈ. ನಾನು ಚೀಲ ತೆಗೆದುಕೊಳ್ಳಲಿಲ್ಲ. ಹೊಸ್ತಿಲ ಮುಂದೆ ನಿಂತು ಎರಡೂ ಕೈಯಿಂದ ಸೆರಗು ಚಾಚಿದೆ. ಹಾಗೆ ಮಾಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಅಕ್ಕ ಸೆರಗು ನೋಡಿದಳು. ಒಳಗೆ ನೋಡಿದಳು. ಭಾವ ಕೆಮ್ಮುತ್ತಿದ್ದರು. ಅವಳು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಚೀಲದ ಬಾಯಿಗೆ ದಾರ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. ಎದ್ದು, ಕಟ್ಟಿದ ಚೀಲವನ್ನೇ ಎತ್ತಿ ನನ್ನ ಸೆರಗಿನಲ್ಲಿ ಇಟ್ಟಳು. ಸೆರಗಿನ ಅಂಚನ್ನು ತಾನೇ ಮಡಚಿ ನನ್ನ ಮುಷ್ಟಿಯೊಳಗೆ ತುರುಕಿದಳು, ಮುಖ ನೋಡಲಿಲ್ಲ.

"ಭಾರ ಅದ," ಎಂದಳು. "ಸಾವಕಾಶ ಹೋಗು."