ಅತ್ತೆಯ ಅಂಗಳದ ಹಳ್ಳ

ಇಲ್ಲದ ದೇಶಗಳ ನಕಾಶೆ ಬರೆದು ಹೊಟ್ಟೆ ಹೊರೆಯುತ್ತೇನೆ ಎಂದರೆ ಜನ ನಗುತ್ತಾರೆ. ಇರುವ ಊರುಗಳ ನಕಾಶೆ ಬರೆಯುತ್ತಿದ್ದಾಗ ಯಾರೂ ನಗುತ್ತಿರಲಿಲ್ಲ. ನಗಬೇಕಾಗಿದ್ದದ್ದು ಆಗ.

ತೊಂಬತ್ತರ ದಶಕದ ನಡುವಿನ ಮಾತು. ಅಕ್ಕಲಕೋಟದ ಮನೆಯಿಂದ ದಿನಾ ಎಸ್‌ಟಿ ಬಸ್ಸು ಹತ್ತಿ, ಸೋಲಾಪುರದ ಅಂಚಿನ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಇಳಿಯುತ್ತಿದ್ದೆ. ಕೆಳಗೆ ಪವರ್‌ಲೂಮು, ಮೇಲೆ ನಮ್ಮ ಆಫೀಸು. ಹಳ್ಳಿಗಳ ಹಳೆಯ ನಕಾಶೆಗಳನ್ನು ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ನಮ್ಮದು. ಮೇಜಿಗೆ ಹಾಳೆ ಅಂಟಿಸಿ, ಮೌಸಿನಂಥದೊಂದನ್ನು ಗೆರೆಯ ಮೇಲೆ ಸರಿಸುತ್ತ ಗುಂಡಿ ಒತ್ತುತ್ತ ಹೋಗಬೇಕು. ಮಗ್ಗಗಳ ಅದುರಾಟಕ್ಕೆ ಕೈ ಜರುಗಿದರೆ ಮತ್ತೆ ಮೊದಲಿಂದ. ಪ್ರತಿ ಗೆರೆಗೂ ಒಂದು ಕೋಡ್ ಕೊಡಲೇಬೇಕಿತ್ತು: ದಾರಿ, ಬದು, ಹಳ್ಳ, ಗಡಿ. ಕೋಡ್ ಇಲ್ಲದ ಗೆರೆಯನ್ನು ಕಂಪ್ಯೂಟರು ಒಪ್ಪುತ್ತಿರಲಿಲ್ಲ. ಆ ಹಾಳೆಗಳೋ, ಯಾವ ಕಾಲದಿಂದಲೋ ಮಡಿಚಿ ಬಟ್ಟೆಯ ಗಂಟಿನಲ್ಲಿ ಬಿದ್ದಿದ್ದವು. ಮಡಿಕೆಗಳಲ್ಲಿ ಧೂಳು ಕೂತು ಕಪ್ಪಾಗಿ, ನಕಲು ತೆಗೆದಾಗ ಅವೂ ಗೆರೆಗಳಾಗಿ ಮೂಡುತ್ತಿದ್ದವು. ಮಡಿಕೆಗೆ ಕೋಡ್ ಇರಲಿಲ್ಲ.

ನಮ್ಮ ಬಸ್ಸಿನ ದಾರಿಯಲ್ಲೇ ಇದ್ದ ವಳಸಂಗ ಎಂಬ ಹಳ್ಳಿಯ ಹಾಳೆ ಬೇರೆ ಯಾರದೋ ಕೈಯಲ್ಲಿ ಆದದ್ದು. ಅಲ್ಲಿ ಊರಂಚಿಗೆ ನನ್ನ ಸೋದರತ್ತೆಯ ಮನೆ. ಗಂಡ ತೀರಿದ ಮೇಲೆ, ಅಂಗಳದಲ್ಲಿ ಒಂದು ಖೋಲಿ ಕಟ್ಟಿಸಿ ಹಿಟ್ಟಿನ ಗಿರಣಿ ಹಾಕುತ್ತೇನೆಂದು ಹಟ ಹಿಡಿದಿದ್ದಳು. ಯಾರ ಮುಂದೆಯೂ ಕೈಯೊಡ್ಡದೆ ಬದುಕಬೇಕು, ಅಷ್ಟೇ ಅವಳ ಆಸೆ. ಪರವಾನಗಿ ಕೇಳಲು ಹೋದರೆ, ತಾಲೂಕು ಕಚೇರಿಯವರು ನಮ್ಮಲ್ಲಿಂದ ಹೋದ ಹೊಸ ನಕಾಶೆ ಬಿಚ್ಚಿ, ನಿಮ್ಮ ಅಂಗಳದಲ್ಲಿ ಹಳ್ಳವಿದೆ, ಅದರ ಮೇಲೆ ಕಟ್ಟುವಂತಿಲ್ಲ ಎಂದರಂತೆ.

ಆ ಸಂಜೆ ನಡುದಾರಿಯಲ್ಲೇ ಬಸ್ಸಿಳಿದು ಅವಳ ಮನೆಗೆ ಹೋದೆ.

"ತಮ್ಮಾ, ಕುಡಿಯೋ ನೀರಿಗಿ ಕೊಡ ಹೊತ್ಕೊಂಡು ಊರ ಆ ಕಡಿ ತನಕ ಹೋಗ್ತೀನಿ. ನಿಮ್ಮ ಕಾಗದದಾಗ ನನ್ನ ಅಂಗಳದಾಗೇ ಹಳ್ಳ ಹರ್ಯಾಕತ್ತೈತೇನು?" ಎಂದಳು.

ಮರುದಿನ ಮೂಲ ಹಾಳೆ ತೆಗೆಸಿ ನೋಡಿದೆ. ನಮ್ಮವರು ಹಳ್ಳವೆಂದು ಏರಿಸಿದ ಗೆರೆ ಮೇಲಿನಂಚಿನಿಂದ ಕೆಳಗಿನಂಚಿನವರೆಗೆ ನೆಟ್ಟಗೆ ಹೋಗಿತ್ತು. ಅಷ್ಟು ನೆಟ್ಟಗೆ ಹರಿಯುವ ಹಳ್ಳವನ್ನು ಈ ಭೂಮಿಯ ಮೇಲೆ ಯಾರು ಕಂಡಿದ್ದಾರೆ? ನಮ್ಮ ಆಫೀಸಿನ ಸಾಹೇಬರ ಎದುರು ಹಾಳೆಯನ್ನು ಮಡಿಚಿ ತೋರಿಸಿದೆ. ಹಳ್ಳ ಸರಿಯಾಗಿ ಮಡಿಕೆಯಲ್ಲೇ ಕೂತಿತು; ಮಡಿಕೆಯ ಗೆರೆಗೆ ಯಾರೋ ಹಳ್ಳದ ಕೋಡ್ ಕೊಟ್ಟಿದ್ದರು.

"ಖರೇ ಐತ್ರಿ," ಎಂದರು ಸಾಹೇಬರು. "ಆದ್ರ ಕೆಲಸ ಪಾಸಾಗಿ ಹೋಗೈತಿ. ಈಗ ಒಂದು ತಪ್ಪು ಅಂದ್ರ ಎಲ್ಲಾ ಹಾಳಿ ತಿರಗಿ ಬರ್ತಾವ. ಜಾಊ ದ್ಯಾ, ಬಿಡ್ರಿ."

ಕಚೇರಿಗೆ ಹೋದರೆ, ನಕಾಶೆ ಮಾಡಿದವರೇ ತಿದ್ದಿ ಕೊಡಲಿ ಎಂದರು. ಕಚೇರಿಯವರೇ ಬರೆದು ಕೇಳಲಿ ಎಂದರು ನಮ್ಮ ಸಾಹೇಬರು. ಅಂಗಳಕ್ಕೆ ಬಂದು ನೋಡುವ ಪುಣ್ಯಾತ್ಮ ಒಬ್ಬನೂ ಸಿಗಲಿಲ್ಲ. ಅಷ್ಟರಲ್ಲಿ ಅದೇ ಊರಿನ ಇನ್ನೊಬ್ಬರು ಗಿರಣಿ ಹಾಕಿದರು. ಅತ್ತೆ ಜೋಳದ ಡಬ್ಬಿ ಹೊತ್ತು ಅಲ್ಲಿಗೇ ಬೀಸಿಸಲು ಹೋಗತೊಡಗಿದಳು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ನಾನು ಕೆಲಸ ಬಿಟ್ಟೆ. ಕೈಗೆ ಬೇರೆ ವಿದ್ಯೆ ಇರಲಿಲ್ಲ. ಸೋಲಾಪುರದ ಒಂದು ಮರಾಠಿ ಮಕ್ಕಳ ಮಾಸಿಕದವರು, ದೀಪಾವಳಿ ಸಂಚಿಕೆಯಲ್ಲಿ ಬರುವ ರಾಕ್ಷಸರ ಕಥೆಗೆ ಒಂದು ರಾಜ್ಯದ ನಕಾಶೆ ಬೇಕೆಂದರು. ಬರೆದುಕೊಟ್ಟೆ. ಹಾರುವ ಗುಡ್ಡ, ಉಪ್ಪಿನ ಕೋಟೆ, ಹಗಲು ಮಲಗುವ ಊರು. ಆಮೇಲೆ ಅದೇ ನನ್ನ ಕಸುಬಾಯಿತು. ಒಂದು ನಿಯಮ ಮಾತ್ರ ಬಿಟ್ಟಿಲ್ಲ: ಮೊದಲು ಮನೆಗಳನ್ನು ಬರೆಯುತ್ತೇನೆ, ನೀರು ಅವುಗಳನ್ನು ಸುತ್ತಿಕೊಂಡು ಹೋಗಬೇಕು. ನನ್ನ ಸುಳ್ಳು ದೇಶಗಳಲ್ಲಿ ಹಳ್ಳಕ್ಕೆ ಅಷ್ಟು ಮರ್ಯಾದೆ ಇದೆ.

ಆ ಮೊದಲ ಸಂಚಿಕೆಯನ್ನು ಅತ್ತೆಗೆ ತೋರಿಸಲು ಒಯ್ದಿದ್ದೆ. ಮೆಚ್ಚುತ್ತಾಳೆಂದುಕೊಂಡಿದ್ದೆ. ಅವಳಿಗೆ ಓದಲು ಬಾರದು. ಪುಟವನ್ನು ಬೆಳಕಿಗೆ ಹಿಡಿದು, ಹಾರುವ ಗುಡ್ಡ ಬಿಟ್ಟು, ಕೋಟೆ ಬಿಟ್ಟು, ನೀಲಿ ಗೆರೆಯ ಮೇಲೆ ಬೆರಳಿಟ್ಟು ಸಾವಕಾಶ ಎಳೆಯುತ್ತ ಹೋದಳು.

"ಇದು ಯಾರ ಅಂಗಳದಾಗಿಂದ ಹೋಗೈತಿ?" ಎಂದು ಕೇಳಿದಳು.

"ಯಾರದ್ದೂ ಅಲ್ಲ, ಅತ್ತಿ. ಇದು ಇಲ್ಲದ ಊರು," ಎಂದೆ.

"ನನಗೂ ಅವರು ಇಲ್ಲದ ಹಳ್ಳಾನ ತೋರಿಸಿದ್ರು," ಎಂದು ಪುಸ್ತಕವನ್ನು ನನ್ನ ಕೈಗೆ ವಾಪಸು ಕೊಟ್ಟಳು.