ಸೀಮೆಯಿಲ್ಲದ ಬಿರುದು

ಮಗ್ಗಕ್ಕೆ ಬಿಡುವ ಎಣ್ಣೆಯ ವಾಸನೆ ಇವತ್ತಿಗೂ ಎಲ್ಲಾದರೂ ಮೂಗಿಗೆ ಬಡಿದರೆ, ದೊಡ್ಡಬಳ್ಳಾಪುರದ ನಮ್ಮ ದೊಡ್ಡಪ್ಪನ ಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಮೊದಲು ಹಿತವಾಗುತ್ತದೆ, ಆಮೇಲೆ ಹೇಸಿಗೆಯಾಗುತ್ತದೆ. ಹಿತ್ತಲಿನ ಶೆಡ್ಡಿನಲ್ಲಿ ಎಂಟು ಮಗ್ಗಗಳು ಬೆಳಗಿನಿಂದ ಬಡಿಯುತ್ತಿದ್ದವು; ಊಟಕ್ಕೆ ಕೂತರೆ ತಟ್ಟೆಯಲ್ಲಿನ ಸಾರೂ ಸಣ್ಣಗೆ ನಡುಗುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ, ಶೆಡ್ಡಿಗೆ ಅಂಟಿಕೊಂಡ ಕೋಣೆಗೆ ಸೀರೆ ಅಂಚಿನ ಡಿಸೈನ್ ಬಿಡಿಸಲು ಒಂದು ಕಂಪ್ಯೂಟರ್ ಬಂತು. ಅದನ್ನು ಕಲಿತವಳು ದೊಡ್ಡಪ್ಪನ ಮಗಳು ವೇಣಿ ಅಕ್ಕ ಒಬ್ಬಳೇ. ಅವಳ ಇಬ್ಬರು ಅಣ್ಣಂದಿರು ಬೈಕ್ ಒರೆಸುವುದರಲ್ಲೇ ಸುಸ್ತಾಗುತ್ತಿದ್ದರು. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ನಾನು ಹೆಚ್ಚು ಹೇಳಬೇಕಿಲ್ಲ.

ಕೆಲಸ ಮುಗಿದ ಮೇಲೆ ಅಕ್ಕ ಚಿಕ್ಕವರಾದ ನಮ್ಮನ್ನು ಪಕ್ಕ ಕೂರಿಸಿಕೊಂಡು ಆ ಕಂಪ್ಯೂಟರಿನಲ್ಲೇ ರಾಜರ ಆಟ ಆಡುತ್ತಿದ್ದಳು. ಹಳೇ ಕಾಲದ ಯಾವುದೋ ರಾಜ್ಯ. ನಾವು ದೊರೆ, ನಮ್ಮ ಕೈಕೆಳಗೆ ಸಾಮಂತರು. ಗೆದ್ದ ಸೀಮೆಗಳನ್ನು ಅವರಿಗೆ ಹಂಚಬೇಕು. ಕೊಡದಿದ್ದರೆ ಮುನಿಯುತ್ತಾರೆ, ಒಬ್ಬನಿಗೇ ಹೆಚ್ಚು ಕೊಟ್ಟರೆ ಅವನು ತಿರುಗಿ ಬೀಳುತ್ತಾನೆ. ಅಕ್ಕ ದುಡಿದವನಿಗೆ ಕೊಡುತ್ತಿದ್ದಳು, ಅವಳ ರಾಜ್ಯ ನಿಲ್ಲುತ್ತಿತ್ತು. ಎಲೆಅಡಿಕೆ ಮೆಲ್ಲುತ್ತಾ ಹಿಂದೆ ಕೂತು ನೋಡುತ್ತಿದ್ದ ದೊಡ್ಡಪ್ಪನಿಗೆ ಹಿಡಿಸಿದ್ದು ಒಂದೇ ಸಂಗತಿ: ಸೀಮೆ ಕೊಡದೆ ಬರೀ ಬಿರುದು ಕೊಟ್ಟರೂ ಸಾಮಂತ ತೆಪ್ಪಗಿರುತ್ತಾನೆ. ಅದು ಸ್ವಲ್ಪ ಕಾಲ ಮಾತ್ರ ಎಂದು ಅಕ್ಕ ಹೇಳುತ್ತಿದ್ದಳು. ದೊಡ್ಡಪ್ಪ ಅಷ್ಟರಲ್ಲಿ ನಗಲು ಶುರುಮಾಡಿರುತ್ತಿದ್ದರು.

ಅಕ್ಕನ ಮದುವೆ ಗೊತ್ತಾದ ವರ್ಷ ದೊಡ್ಡಪ್ಪ ಮಗ್ಗಗಳನ್ನು ಗಂಡುಮಕ್ಕಳಿಬ್ಬರಿಗೆ ಸಮನಾಗಿ ಹಂಚಿದರು. ಗಂಡಿನ ಮನೆ ಇದ್ದದ್ದು ಅದೇ ಊರಿನಲ್ಲಿ, ಎರಡು ಬೀದಿ ಆಚೆ. ಮದುವೆಯಾದ ಮೇಲೂ ದಿನಾ ಬಂದು ತನ್ನ ಡಿಸೈನಿನ ಸೀರೆ ತಾನೇ ನೇಯಿಸಬೇಕೆಂಬುದು ಅವಳ ಆಸೆ. ಎಲ್ಲರೂ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು.

“ಅಪ್ಪಾ, ನಂಗೆ ಎರಡು ಮಗ್ಗ ಕೊಡಿ. ನಾನೇ ನಡೆಸ್ಕೊಂಡು ಹೋಗ್ತೀನಿ.”

“ನೀನು ಈ ಮನೆ ಮಹಾಲಕ್ಷ್ಮಿ ಕಣಮ್ಮ. ಲಕ್ಷ್ಮಿಗ್ಯಾಕೆ ಮಗ್ಗ?”

ಅಣ್ಣಂದಿರು ಹೌದೌದು ಎಂದರು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು, ಅದೂ ಸಂತೋಷಕ್ಕಂತೆ. ಮಗಳ ಕೈಯಲ್ಲಿ ವರ್ಷಗಟ್ಟಲೆ ದುಡಿಸಿಕೊಂಡು, ಕೊನೆಗೆ ದೇವರ ಹೆಸರೊಂದನ್ನು ಕೊಟ್ಟು ಸಾಗಹಾಕಿದ ಆ ನಯವಾದ ದನಿ ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಅಕ್ಕ ಎದ್ದು ಎಲ್ಲರಿಗೂ ಮಜ್ಜಿಗೆ ಬಡಿಸಿದಳು.

ಅಣ್ಣಂದಿರ ಕೈಯಲ್ಲಿ ಮಗ್ಗಗಳು ಒಂದೊಂದಾಗಿ ಗುಜರಿಗೆ ಹೋದವು. ಶೆಡ್ಡಿನಲ್ಲಿ ಈಗ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುವ ಹುಡುಗರು ಬಾಡಿಗೆಗಿದ್ದಾರೆ. ಅಕ್ಕ ಎರಡು ಬೀದಿ ಆಚೆಯೇ ಇದ್ದೂ ತವರಿನ ಹೊಸ್ತಿಲು ತುಳಿಯಲಿಲ್ಲ. ಗೌರಿ ಹಬ್ಬಕ್ಕೆ ಕಳಿಸಿದ ಬಾಗಿನ ಪ್ರತಿ ವರ್ಷ ಹಾಗೇ ವಾಪಸು ಬರುತ್ತಿತ್ತು. ಕೊನೆಗಾಲದಲ್ಲಿ ದೊಡ್ಡಪ್ಪ ಹಾಸಿಗೆಯಲ್ಲಿ ಮಲಗಿ, ನಮ್ಮ ಮಹಾಲಕ್ಷ್ಮಿ ಬಂದಳಾ ಎಂದು ಕೇಳಿ ಕೇಳಿ ಅಳುತ್ತಿದ್ದರು. ವೇಣಿ ಎಂದು ಒಂದು ಸಲ ಕರೆದಿದ್ದರೆ ಬರುತ್ತಿದ್ದಳೇನೋ. ಕರೆಯಲಿಲ್ಲ.