ಸಾರಿ ಕೇಳಿದ್ದಕ್ಕೆ ಒಂದು ಸುತ್ತು

ಮಗಳ ಫುಟ್‌ಬಾಲ್ ಕ್ಲಬ್ಬಿನ ಕೋಚ್ ಹುಡುಗಿ ಒಂದು ವಿಚಿತ್ರ ರೂಲ್ ಮಾಡಿದ್ದಳು. ಯಾರಾದರೂ "ಸಾರಿ" ಅಂದರೆ ಗ್ರೌಂಡಿಗೆ ಒಂದು ಸುತ್ತು ಓಡಬೇಕು. ನಮ್ಮ ಹುಡುಗಿಯರು ಚೆಂಡು ಕಿತ್ತುಕೊಂಡ ಕೂಡಲೇ ಸಾರಿ ಕೇಳುತ್ತಾ ನಿಂತುಬಿಡುತ್ತಿದ್ದರು. ಅಷ್ಟರಲ್ಲಿ ಎದುರು ಟೀಮಿನವಳು ಅದನ್ನು ವಾಪಸ್ ತಗೊಂಡು ಹೋಗಿರುತ್ತಿದ್ದಳು.

ಒಂದು ಶನಿವಾರ ಆಫೀಸ್ ಮುಗಿಸಿ, ಅತ್ತಿಗುಪ್ಪೆಯಲ್ಲಿ ಮೆಟ್ರೋ ಇಳಿದು ಓಡೋಡಿ ಬಂದರೂ ಲೇಟಾಯಿತು. ಪ್ರಾಕ್ಟೀಸ್ ಮುಗಿದು ಎಲ್ಲರೂ ನನಗೇ ಕಾಯುತ್ತಿದ್ದರು.

"ಸಾರಿ ಕೋಚ್" ಅಂದೆ.

ಹುಡುಗಿಯರೆಲ್ಲ ಕೋಚ್ ಕಡೆ ತಿರುಗಿದರು. ಮಗಳು ನೆಲ ನೋಡಿದಳು.

"ಒಂದು ರೌಂಡ್, ಆಂಟಿ" ಅಂದಳು ಕೋಚ್.

"ನಾನಾ? ಸೀರೇಲಿದೀನಮ್ಮಾ!"

"ಇವರೆಲ್ಲ ನಿಮ್ಮಂಥವರನ್ನ ನೋಡೇ ಅಲ್ವಾ ಆಂಟಿ ಕಲಿತಿರೋದು?"

ಸಿಟ್ಟು ನೆತ್ತಿಗೇರಿತು. ಬ್ಯಾಗನ್ನು ಮಗಳ ಕೈಗೆ ತುರುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು ಓಡಿದೆ. ಅರ್ಧಕ್ಕೇ ಏದುಸಿರು ಬಂತು, ಆದರೂ ನಿಲ್ಲಲಿಲ್ಲ. ಮಕ್ಕಳೆಲ್ಲ "ಕಮಾನ್ ಆಂಟಿ" ಅಂತ ಕಿರುಚುತ್ತಿದ್ದರು, ಎಲ್ಲರಿಗಿಂತ ಜೋರಾಗಿ ನನ್ನ ಮಗಳು.

ಸೋಮವಾರ ಮ್ಯಾನೇಜರ್ ಹುಬ್ಬು ಗಂಟಿಕ್ಕಿಕೊಂಡು ಕೇಳಿದರು: "ಏನ್ ಮೇಡಂ, ಈ ಶನಿವಾರ ಬೇಗ ಹೋಗ್ಬೇಕಂತೆ?"

ಬಾಯಿಗೆ ಬಂದೇಬಿಟ್ಟಿದ್ದ ಆ ಮಾತನ್ನು ನುಂಗಿಕೊಂಡೆ.

"ಹೌದು ಸಾರ್, ಮಗಳ ಮ್ಯಾಚ್ ಇದೆ."

ಇನ್ನೊಂದು ಸುತ್ತು ಓಡಲು ನನ್ನ ಮಂಡಿ ತಯಾರಿರಲಿಲ್ಲ.